ಕ್ಲಿಪ್ಪು ಹಾಕಿದ ಪುಟ

ಬೈಂಡಿಂಗ್ ಅಂಗಡಿಯಿಂದ
ಬುಧವಾರ, ಬೆಳಿಗ್ಗೆ ಹತ್ತು

ಪ್ರೀತಿಯ ಮಗಳೇ,

ಹೇಗಿದ್ದೀಯ? ಊಟ ಸೇರುತ್ತಿದೆಯೇ? ವಾಂತಿ ನಿಂತಿತೆಂದು ಅಳಿಯಂದಿರು ಆಸ್ಪತ್ರೆಯಿಂದ ಫೋನ್ ಮಾಡಿದಾಗ ನನಗೂ ಎರಡು ತುತ್ತು ಹೆಚ್ಚಿಗೆ ಇಳಿಯಿತು. ಕೂದಲು ಉದುರಿದ ಮೇಲೆ ನೀನು ಕಳಿಸಿದ ಫೋಟೋವನ್ನು ಪುಟ್ಟಿ ಬೋರಲು ಹಾಕಿದ್ದು, ಫೋನಿನಲ್ಲೂ ನಿನ್ನ ಮುಖ ನೋಡಲು ಒಲ್ಲೆನೆಂದದ್ದು ನಿನ್ನನ್ನು ಎಷ್ಟು ಕೊರೆಯುತ್ತಿದೆಯೆಂದು ಬಲ್ಲೆ. ಆ ಮಾತಿಗೆ ಬರುತ್ತೇನೆ, ತಾಳು.

ಈಗ ಬೈಯಬೇಡ, ಮೊದಲು ಪೂರ್ತಿ ಓದು. ನಿನ್ನ ಮಗಳಿಗೆ ನಾನು ದೆವ್ವದ ಕಥೆಪುಸ್ತಕ ಕೊಟ್ಟೆ. ಬೇಡವೆಂದು ನೀನು ಹೇಳಿಯೇ ಹೋಗಿದ್ದೆ, ನೆನಪಿದೆ. ಆದರೆ ಶಾಲೆಯ ಲೈಬ್ರರಿಯಿಂದ ರಿಪೇರಿಗೆ ಬಂದ ಕಟ್ಟಿನಲ್ಲಿ ಎಲ್ಲಕ್ಕಿಂತ ಹೆಚ್ಚು ಹರಿದಿದ್ದದ್ದು ಅದೇ. ನಲವತ್ತು ವರ್ಷ ಪುಸ್ತಕ ಹೊಲಿದವನಿಗೆ ಪುಟ ನೋಡಿದರೆ ಓದಿದವರ ಮನಸ್ಸು ತಿಳಿಯುತ್ತದೆ. ದೆವ್ವ ಬರುವ ಪುಟ ಹೊಸದರಂತೆ ಫಳಫಳ, ಒಬ್ಬರೂ ಅಲ್ಲಿ ನಿಂತಿಲ್ಲ. ಕಥೆಯ ಹುಡುಗಿ ಮನೆಗೆ ಮರಳುವ ಕೊನೆಯ ಪುಟವೋ, ಬೆರಳ ಗುರುತು ಬಿದ್ದು ಬಿದ್ದು ಕಪ್ಪಾಗಿದೆ! ಹೆದರಿಕೆಯ ಆಚೆ ಏನಿದೆಯೆಂದು ನೋಡಲೆಂದೇ ಈ ಮಕ್ಕಳು ಓದುತ್ತಾರೆ ಕಣೇ.

ನಮ್ಮ ಪುಟ್ಟಿ ಮಾಡಿದ್ದು ಕೇಳು. ದೆವ್ವದ ಚಿತ್ರವಿರುವ ಪುಟಕ್ಕೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿ, ಮುಂದಿನದನ್ನೆಲ್ಲ ನನ್ನಿಂದ ಓದಿಸಿಕೊಂಡಳು. ಮರುದಿನ ಕ್ಲಿಪ್ಪು ತೆಗೆದು, ಒಂದೇ ಕಣ್ಣಲ್ಲಿ ಇಣುಕಿ, ಮತ್ತೆ ಹಾಕಿದಳು. ತೆಗೆಯುವ, ಹಾಕುವ ದರ್ಬಾರೆಲ್ಲ ಅವಳದೇ. ಲೈಬ್ರರಿಯ ಮೇಡಂ ಪುಸ್ತಕ ಕೇಳಿ ಕಳಿಸಿದರೆ, ಅಂಟು ಒಣಗಿಲ್ಲವೆಂದು ಸುಳ್ಳು ಹೇಳಿದೆ. ಐದನೆಯ ದಿನ ಕ್ಲಿಪ್ಪು ನನ್ನ ಕೈಗಿತ್ತು, "ಸಾಕು ತಾತ. ಪಾಪ, ದೆವ್ವಕ್ಕೂ ಮುಂದಿನ ಹಲ್ಲು ಬಿದ್ದಿದೆ, ನನ್ ಥರಾನೇ" ಅಂದಳು. ಅಂಟಿನ ಬ್ರಷ್ ಹಿಡಿದುಕೊಂಡೇ ಕುಣಿದುಬಿಟ್ಟೆ! ಪಕ್ಕದಂಗಡಿಯ ಗಡಿಯಾರದವನು ಬಂದು, ಮುದುಕನಿಗೆ ಏನಾಯಿತೋ ಎಂದು ಬೆಪ್ಪಾಗಿ ನೋಡಿದ.

ಅಂಚೆಗೆ ಹೊತ್ತಾಯಿತು. ಗಟ್ಟಿಯಾಗಿರು ತಾಯಿ, ನನ್ನ ಆಯಸ್ಸಿನಲ್ಲಿ ಉಳಿದದ್ದೂ ನಿನಗೇ ಸೇರಲಿ.

ನಿನ್ನ ಅಪ್ಪ

ಅಯ್ಯೋ, ಹೇಳಬೇಕಾದದ್ದೇ ಮರೆತೆ! ನಿನ್ನೆ ಶಾಲೆಯಿಂದ ಬಂದವಳೇ ನಿನ್ನ ಫೋಟೋ ಎತ್ತಿಕೊಂಡು, ಕ್ಲಿಪ್ಪು ಕೊಡು ಅಂದಳು. ದೆವ್ವದ ಪುಟದ ಹಾಗೆ ಇದನ್ನೂ ಮುಚ್ಚಿಡುತ್ತಾಳೇನೋ ಎಂದುಕೊಂಡೇ ಕೊಟ್ಟೆ. ಅವಳು ಆ ಕ್ಲಿಪ್ಪಿನಿಂದ ಫೋಟೋವನ್ನು ಹಾಸಿಗೆ ಪಕ್ಕದ ಪರದೆಗೆ ತೂಗುಹಾಕಿದಳು, ಮುಖ ತನ್ನ ಕಡೆಗೇ ಇರುವಂತೆ. ಭಾನುವಾರ ಕರೆದುಕೊಂಡು ಬರುತ್ತೇನೆ. ನೀನು ಟೋಪಿ ಹಾಕಿಕೊಳ್ಳಕೂಡದಂತೆ, ತಲೆ ಮುಟ್ಟಿ ನೋಡಬೇಕಂತೆ.