ಮರದ ಮೇಲಿನ ಆಡು

ಟುಕುನ್,

ಬಂದವಳು ಮೊದಲು ಈಳಿಗೆಮಣೆ ನೋಡು. ಹಲಸಿನ ಮೇಣ ಇನ್ನೂ ಅಂಟಿಕೊಂಡಿದೆ. ನಮ್ಮ ಕಲ್ಕತ್ತೆಯವರು ಎಳೆ ಹಲಸಿಗೆ 'ಮರದ ಆಡು' ಅಂತ ಸುಮ್ಮನೆ ಹೆಸರಿಟ್ಟಿಲ್ಲ. ಭಾನುವಾರ ನೀನು ಮಾಡಿಟ್ಟು ಹೋದ ಮಟನ್ ಸಾರನ್ನ ಈ ಒಂಟಿ ಮುದುಕ ವಾರವೆಲ್ಲ ಚಪ್ಪರಿಸಿಕೊಂಡು ತಿಂದೆ. ಟೀ ಅಂಗಡೀಲಿ ನೃಪೇನನ ಮುಂದೆ, "ನಮ್ಮನೆ ಮಟನ್ ಬಾಯಲ್ಲಿಟ್ರೆ ಕರಗುತ್ತೆ" ಅಂತ ಕೊಚ್ಚಿಕೊಂಡೆ ಬೇರೆ. ಅಪ್ಪನ ಕಿವಿಗೇ ಹೂವಿಟ್ಟೆಯಲ್ಲೇ.

ನಿನ್ನೆ ಫೋನಲ್ಲಿ ಕೇಳಿದ್ರೆ ನೀನು ನಕ್ಕೆ. "ತರಕಾರಿ ಅಂದ್ರೆ ತಟ್ಟೆ ತಳ್ತೀಯ ಬಾಬಾ. ಅರ್ಧಕ್ಕರ್ಧ ಹಲಸು ಬೆರೆಸೋದು ಅಮ್ಮನೇ ಹೇಳಿಕೊಟ್ಟಿದ್ದು" ಅಂದೆ.

ನಿನ್ನನ್ನಾದರೂ ಬೈಬಹುದು. ಹೋದವಳನ್ನ ಎಲ್ಲಿ ಅಂತ ಹುಡುಕಿ ಕೇಳಲಿ? ಮದುವೆಯಾದಾಗಿಂದ ಅವಳು ಬಡಿಸಿದ್ದರಲ್ಲಿ ಆಡು ಎಷ್ಟು, ಮರ ಎಷ್ಟು?

ಅವಳ ಫೋಟೋನ ಗೋಡೆ ಕಡೆ ತಿರುಗಿಸಿದೀನಿ. ನೀನು ಮುಟ್ಟಬೇಡ, ಸಿಟ್ಟಿಳಿದ ಮೇಲೆ ನಾನೇ ಸರಿ ಮಾಡ್ತೀನಿ.

ಊಟದ ಹೊತ್ತಿಗೆ ಬರ್ತೀನಿ. ಬೆಳಿಗ್ಗೆ ಮಾರ್ಕೆಟ್ಟಿಂದ ಮಟನ್ ತಂದು ಫ್ರಿಜ್ಜಲ್ಲಿಟ್ಟಿದೀನಿ. ಈಳಿಗೆಮಣೆ ಪಕ್ಕ ಒಂದು ಎಳೆ ಹಲಸೂ ಇದೆ. ಅಮ್ಮ ಮಾಡ್ತಿದ್ದ ಹಾಗೇ ಮಾಡು. ನಾನು ಕೇಳಿದ್ರೆ ಪೂರ್ತಿ ಮಟನ್ ಅಂತಲೇ ಹೇಳು.

ಬಾಬಾ