ಶಿಸ್ತಪ್ಪನವರ ಸೋಫಾ

ಅಂಗಡಿಯ ಹಿಂದಿನ ಕೋಣೆ
ಮಾರ್ಚ್ ೧೨, ಭಾನುವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬಂದರಿನಲ್ಲಿ ಮೂಟೆ ಹೊತ್ತು ಬೆನ್ನು ಹಿಡಿದುಕೊಂಡಿದೆ ಎಂದು ಬರೆದಿದ್ದೆ, ಈಗ ವಾಸಿಯೇ? ಹೊತ್ತಿಗೆ ಸರಿಯಾಗಿ ಉಣ್ಣು, ಒಣ ಪೌರುಷ ಬೇಡ. ನಾನು ಚೆನ್ನಾಗಿದ್ದೇನೆ, ಸೂಜಿ ಚುಚ್ಚಿಸಿಕೊಂಡು ಬೆರಳು ಮಾತ್ರ ಜರಡಿಯಾಗಿದೆ.

ಹೋದ ತಿಂಗಳು ನಮ್ಮ ಕಟ್ಟಡದ ಸಂಘದ ಅಧ್ಯಕ್ಷರು, ಅದೇ, ಶಿಸ್ತು ಶಿಸ್ತು ಎಂದು ಎಲ್ಲರ ಬಾಗಿಲ ಮುಂದಿನ ಚಪ್ಪಲಿಯನ್ನೂ ಸಾಲಾಗಿ ಇಡಿಸುವ ನಮ್ಮ ಶಿಸ್ತಪ್ಪನವರು, ತಮ್ಮ ಹಳೆಯ ಸೋಫಾವನ್ನು ಹೊಸ ಬಟ್ಟೆ ಹೊಲಿಸಲು ನನ್ನ ಅಂಗಡಿಗೆ ಕಳಿಸಿದರು. ಒಳಗಿನ ಹತ್ತಿ ಕಿತ್ತಾಗ ಕೈಗೆ ಸಿಕ್ಕಿದ್ದು ಅವರ ಗಡಿಯಾರ. ಒಂಬತ್ತು ವರ್ಷದ ಹಿಂದೆ, ನೀನು ಅವರ ಮನೆಗೆ ಕುರ್ಚಿ ಮುಟ್ಟಿಸಿ ಬಂದ ದಿನ ಕಾಣೆಯಾಗಿದ್ದ ಅದೇ ಗಡಿಯಾರ. ಅವತ್ತು ಸೂಚನಾ ಫಲಕದಲ್ಲಿ ನಿನ್ನ ಹೆಸರು ಬರೆದು 'ಎಚ್ಚರಿಕೆ' ಎಂದು ಅಂಟಿಸಿದರು. ನೀನು ಲಿಫ್ಟಿಗೆ ಕಾಲಿಟ್ಟರೆ ಹೆಂಗಸರು ಚೀಲ ಎದೆಗವಚಿಕೊಂಡರು, ಯಾರೂ ಕೆಲಸ ಕೊಡಲಿಲ್ಲ. ವರ್ಷ ತುಂಬುವುದರೊಳಗೆ ನಿಜವಾಗಿಯೇ ಒಂದು ರೇಡಿಯೋ ಎತ್ತಿ ಸಿಕ್ಕಿಬಿದ್ದೆ. "ಹೇಗೂ ಕಳ್ಳ ಅಂತಾರಲ್ಲಕ್ಕಾ, ಇನ್ನೇನು ಉಳೀತು" ಅಂದೆ. ನಾನು ನಿನ್ನ ಕಪಾಳಕ್ಕೆ ಬಾರಿಸಿದೆ. ಆ ಏಟು ಯಾರಿಗೆ ಸಲ್ಲಬೇಕಿತ್ತೆಂದು ಈಗ ಗೊತ್ತಾಗಿದೆ.

ಗಡಿಯಾರವನ್ನು ಅವರ ಕೈಗೇ ಕೊಟ್ಟೆ. ನನ್ನ ತಮ್ಮ ಕದ್ದಿಲ್ಲ ಎಂದು ಅದೇ ಫಲಕದಲ್ಲಿ ಬರೆಯಿರಿ ಎಂದೆ. "ಹಳೇದನ್ನ ಯಾಕಮ್ಮ ಕೆದಕ್ತೀಯ? ಆಮೇಲಾದ್ರೂ ಅವನು ಕದ್ದ ತಾನೇ?" ಅಂದರು.

ನಾನು ಜಗಳಕ್ಕೆ ನಿಲ್ಲಲಿಲ್ಲ. ಗೇಟಿನ ಕಾವಲುಗಾರನಿಗೆ ಒಂದೇ ಮಾತು ಹೇಳಿದೆ: "ಕಳೆದುಹೋಗಿದ್ದು ಒಂದು ಅಧ್ಯಕ್ಷರ ಸೋಫಾದಲ್ಲೇ ಸಿಕ್ತು. ಇನ್ನೂ ಏನೇನಿದೆಯೋ." ಅದರಲ್ಲಿ ಸುಳ್ಳೇನಿದೆ ಹೇಳು. ವಾರದೊಳಗೆ ಮೂರನೇ ಮಹಡಿಯವರಿಗೆ ಎಂದೋ ಕಳೆದ ಉಂಗುರ ನೆನಪಾಯಿತು, ಟೀಚರಮ್ಮನಿಗೆ ಕೊಡೆ ನೆನಪಾಯಿತು. ಸಂಘದ ಕೋಣೆಯ ಬೀಗದ ಕೈಯನ್ನು ಅವರಿಂದ ವಾಪಸು ಪಡೆದಿದ್ದಾರೆ. ಲಿಫ್ಟಿನೊಳಗೆ ಅವರು ಬಂದರೆ ಮಾತು ನಿಲ್ಲುತ್ತದೆ. ಈಗ ಮುದುಕ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತುತ್ತಾನೆ. ಕನಿಕರ ಬಂದೀತೇನೋ ಎಂದು ಕಾದೆ. ಬರಲಿಲ್ಲ.

ಮೈ ಜೋಪಾನ. ನಿನ್ನ ಹೆಂಡತಿಯನ್ನು ಕೇಳಿದೆನೆಂದು ಹೇಳು, ಮಗುವಿನ ಹಣೆಗೊಂದು ಮುತ್ತು.

ನಿನ್ನ ಅಕ್ಕ

ತಡೆ, ಇದನ್ನೂ ಓದು: ಲಕೋಟೆ ಅಂಟಿಸುವಷ್ಟರಲ್ಲಿ ಶಿಸ್ತಪ್ಪನವರೇ ಅಂಗಡಿ ಬಾಗಿಲಿಗೆ ಬಂದರು. ನೀನು ಗಡಿಯಾರ ಕದ್ದಿರಲಿಲ್ಲ ಎಂದು ಬರೆದು ಸಹಿ ಹಾಕಿದ ಕಾಗದ ಕೊಟ್ಟು, "ನಾನೂ ಕಳ್ಳ ಅಲ್ಲ ಅಂತ ನೀನೊಂದು ಮಾತು ಹೇಳಮ್ಮ, ಜನ ನಂಬ್ತಾರೆ" ಅಂದರು. ಕಾಗದವನ್ನು ಫಲಕಕ್ಕೆ ಅಂಟಿಸಿ ಬಂದೆ. ಮಾತು ಇನ್ನೂ ಹೇಳಿಲ್ಲ. ಹೇಳಬೇಕೋ ಬೇಡವೋ ನೀನೇ ಬರೆದು ತಿಳಿಸು. ಉತ್ತರಕ್ಕೆ ಅವಸರವೇನೂ ಇಲ್ಲ.