ಅತ್ತೆಮನೆಯ ಪ್ರಿಂಟರ್

ಮಾರ್ಚ್ 5, ಮಂಗಳವಾರ

ಒಣಮೀನು ಹುರಿಯುತ್ತಿದ್ದೆ. ಗಂಡ ಆರ್ನುಲ್ಫೋ ಕೂಗಿದ. ನನ್ನ ಲ್ಯಾಪ್‌ಟಾಪಿನ ಫೋಲ್ಡರ್ ಅವನ ಕಂಪ್ಯೂಟರಿನಲ್ಲಿ ತೆರೆಯುತ್ತಿಲ್ಲವಂತೆ. ಅವನ ಕೋಳಿ ಅಂಕದ ವಿಡಿಯೋ ಎಲ್ಲ ಅದರಲ್ಲೇ. ಅವನದು ವಿಂಡೋಸ್, ನನ್ನದು ಲಿನಕ್ಸ್ — ಮುಖ ಕೊಟ್ಟು ಮಾತಾಡುವುದಿಲ್ಲ, ನಮ್ಮ ಹಾಗೇ. ಪಾಸ್‌ವರ್ಡ್ ಹಾಕಬೇಕು ಅಂದೆ.

"ನನ್ನ ಮನೇಲಿ ನಂಗೇ ಪಾಸ್‌ವರ್ಡಾ? ಯಾವಳೇ ನೀನು?"

ಜುಟ್ಟು ಹಿಡಿದು ಹಣೆಯನ್ನು ಮೇಜಿಗೆ ಬಡಿದ. ಪಾಸ್‌ವರ್ಡ್ ತೆಗೆದುಹಾಕಿದೆ. ಆಮೇಲೆ ಮೀನು ಕೇಳಿದ. ಬಡಿಸಿದೆ. ಥೂ, ನನ್ನ ಜನ್ಮಕ್ಕೆ.

ಮಾರ್ಚ್ 16, ಶನಿವಾರ

ಹೋದ ವಾರ ಜಜ್ಜಿದ ಬಲಗೈ ಹೆಬ್ಬೆರಳು ಇವತ್ತು ಕೊನೆಗೂ ಮಡಚಿತು. ಬಾಗಿಲಿಗೆ ಸಿಕ್ಕಿತು ಅಂತ ಆಸ್ಪತ್ರೆಯಲ್ಲಿ ಹೇಳಿದ್ದೆ. ಬಾಗಿಲು ಒತ್ತಿ ಹಿಡಿದವನು ಪಕ್ಕದಲ್ಲೇ ನಿಂತಿದ್ದ.

ಎಡಗೈಯಲ್ಲೇ ದೂರು ಟೈಪ್ ಮಾಡಿದ್ದೇನೆ. ಬರಾಂಗೈ ಕಚೇರಿಗೆ, ಅಂದರೆ ನಮ್ಮ ವಾರ್ಡಿನ ಕಚೇರಿಗೆ ಕೊಟ್ಟರೆ ಅಲ್ಲಿನ ಮುಖ್ಯಸ್ಥ, ಕ್ಯಾಪ್ಟನ್, ಆದೇಶ ಹೊರಡಿಸುತ್ತಾರೆ: ಹದಿನೈದು ದಿನ ಅವನು ನನ್ನ ಹತ್ತಿರ ಸುಳಿಯುವಂತಿಲ್ಲ. ಅಷ್ಟು ಸಾಕು, ಗಿಮಾರಾಸ್ ದ್ವೀಪದ ತಂಗಿ ಮನೆಗೆ ದೋಣಿ ಹತ್ತುತ್ತೇನೆ. ಆದರೆ ಪ್ರಿಂಟ್ ಎಲ್ಲಿ? ಬೀದಿಯ ಪ್ರಿಂಟ್ ಅಂಗಡಿಯವನ ಮಗುವಿನ ಜ್ಞಾನಸ್ನಾನಕ್ಕೆ ಧರ್ಮತಂದೆಯಾಗಿ ನಿಂತವನು ಇವನೇ. ಇಬ್ಬರೂ ಒಂದೇ ಗ್ಲಾಸಿನಲ್ಲಿ ಕುಡಿಯುವವರು.

ಮಾರ್ಚ್ 17, ಭಾನುವಾರ

ಅತ್ತೆ ಚರ್ಚಿನ ಪೂಜೆಗೆ ಹೋಗಲಿ ಅಂತ ಕಾದೆ. ಅವರದು ನಮ್ಮ ಗೋಡೆಗೆ ಅಂಟಿದ ಮನೆ, ಎರಡಕ್ಕೂ ಒಂದೇ ವೈಫೈ. ಅವರ ವಿಂಡೋಸ್ ಕಂಪ್ಯೂಟರಿನ ಪ್ರಿಂಟರನ್ನು ನನ್ನ ಲಿನಕ್ಸಿಗೆ ಜೋಡಿಸಿದವಳು ನಾನೇ. ಪ್ರಿಂಟ್ ಒತ್ತಿ, ಅವರ ಮನೆ ಕೀಲಿ ಹಿಡಿದು ಓಡಿದೆ. ಟ್ರೇ ಖಾಲಿ! ಮನೆ ಬಿಡುವಾಗ ಫ್ರಿಜ್ಜೊಂದು ಬಿಟ್ಟು ಎಲ್ಲ ಪ್ಲಗ್ ಕೀಳುವುದು ಅತ್ತೆಯ ಚಾಳಿ, ಬೆಂಕಿಯ ಭಯ. ಅಷ್ಟರಲ್ಲಿ ಅವನ ಬೈಕ್ ಸದ್ದು… ವಾಪಸ್ ಓಡಿದೆ. ಅವನ ಕಣ್ಣಿಗೆ ಬೀಳಬಾರದೆಂದು ಫೈಲ್ ಅಳಿಸಿದೆ.

ಮಾರ್ಚ್ 18, ಸೋಮವಾರ, ಬೆಳಿಗ್ಗೆ 10.20

ಬರಾಂಗೈ ಕಚೇರಿಯ ಬೆಂಚು.

ದಡ್ಡಿ ನಾನು. ಫೈಲ್ ಹೋದರೂ ಪ್ರಿಂಟ್ ಸರದಿಯಲ್ಲಿ ಕಾದೇ ಇತ್ತು. ಬೆಳಿಗ್ಗೆ ನಾನು ಲ್ಯಾಪ್‌ಟಾಪ್ ತೆರೆದೆ, ಅತ್ತೆ ತಮ್ಮ ಕಂಪ್ಯೂಟರ್ ಹಾಕಿದರು. ಗೋಡೆಯಾಚೆ ಪ್ರಿಂಟರ್ ಕರಕರ ಅಂತು. ಮೂರು ಪುಟ. ಕಾಗದ ಹಿಡಿದು ಬಂದೇಬಿಟ್ಟರು. ಅವನು ಕಾಫಿ ಕುಡಿಯುತ್ತಿದ್ದ.

"ಏನಮ್ಮಾ ಅದು?"

"ನಿನ್ನ ಚರಿತ್ರೆ ಕಣೋ."

ಕಿತ್ತುಕೊಂಡು ಮೂರು ಸಾಲು ಓದಿದ. ಕಾಫಿ ಕಪ್ ನನ್ನ ಮುಖಕ್ಕೆ ಹಾರಿ ಬಂತು. ಹೊಟ್ಟೆಗೆ ಒದ್ದ. ಎದ್ದೆ, ಮತ್ತೆ ಒದ್ದ. ಬಾಯಿ ತುಂಬ ರಕ್ತ, ನಾಲಿಗೆಯ ಮೇಲೆ ಮುರಿದ ಹಲ್ಲು. ಆಮೇಲೆ ಠಣ್ ಅಂತ ಸದ್ದು — ಅತ್ತೆ ಬಾಣಲೆ ಬೀಸಿದ್ದರು. ಹೆತ್ತ ಮಗ ಮೊಣಕಾಲೂರಿದ. ಇನ್ನೊಮ್ಮೆ ಬೀಸಿದರು. ಕಾಗದ ಆರಿಸಿಕೊಂಡು ನನ್ನನ್ನು ಬಾಡಿಗೆ ಟ್ರೈಸಿಕಲ್ಲಿಗೆ ಹತ್ತಿಸಿದರು.

"ಕ್ರಿಸ್ಮಸ್ ಹಿಂದಿನ ದಿನದ್ದು ಯಾಕೆ ಬರ್ದಿಲ್ಲ?"

ಅದು ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದೆ.

"ಬೆಲ್ಟಲ್ಲಿ ಹೊಡ್ದ. ಹನ್ನೆರಡು ಏಟು. ಗೋಡೆ ಹತ್ರ ನಿಂತು ಎಣಿಸ್ದೆ ಕಣೇ. ಬಿಡಿಸೋಕೆ ಬರ್ಲಿಲ್ಲ."

ಮೈಯೆಲ್ಲ ಉರಿಯಿತು. ಏಳು ವರ್ಷ ಕೇಳಿಸಿಕೊಂಡೇ ಕೂತಿದ್ದರಲ್ಲ ಈ ಹೆಂಗಸು! ಆದರೂ ಅವರ ಕೈ ಬಿಡಲಾಗಲಿಲ್ಲ.

ಈಗ ಗುಮಾಸ್ತೆ ಕೇಳಿದಳು, "ಸಾಕ್ಷಿ ಯಾರಮ್ಮ?"

"ನಾನು. ಅವನನ್ನ ಹೆತ್ತೋಳು."

ಹೊರಗೆ ಅವನ ಬೈಕ್ ನಿಂತಿತು. ಅತ್ತೆ ಎದ್ದು ಬಾಗಿಲಿಗೆ ಅಡ್ಡ ನಿಂತಿದ್ದಾರೆ, ಬರಿಗೈಯಲ್ಲಿ. ಕ್ಯಾಪ್ಟನ್ ಆದೇಶಕ್ಕೆ ಸಹಿ ಹಾಕಲು ಪೆನ್ನು ಹುಡುಕುತ್ತಿದ್ದಾರೆ, ನಾನು ಬರೆಯುತ್ತಿರುವ ಇದನ್ನೇ ಕೊಡು—